ಹಸಿರು ಎಲೆ, ಸಲ್ಫೈಟ್, ಮೈಲುತುತ್ತ: ಇಟಲಿಯ ಸಾವಯವ ಬಿಳಿ ವೈನ್ ಬಾಟಲಿಯಲ್ಲಿ ಏನೇನಿದೆ

ಅಕ್ಕನ ಮಗ ಬೆಂಗಳೂರಿನ ಒಂದು ಅಂಗಡಿಯಿಂದ ಬಾಟಲಿಯ ಹಿಂಬದಿ ಫೋಟೋ ತೆಗೆದು ಕಳಿಸಿದ್ದ. ಇಟಲಿಯ ಬಿಳಿ ವೈನ್. ಲೇಬಲ್ ಮೇಲೆ ಒಂದು ಹಸಿರು ಚೌಕ, ಅದರೊಳಗೆ ಬಿಳಿ ನಕ್ಷತ್ರಗಳನ್ನ ಜೋಡಿಸಿ ಬಿಡಿಸಿದ ಎಲೆ (ಯುರೋಪ್ ಒಕ್ಕೂಟದ ಸಾವಯವ ಗುರುತು), ಅದರಿಂದ ಎರಡು ಬೆರಳು ಕೆಳಗೆ "ಸಲ್ಫೈಟ್ ಇದೆ" ಅಂತ ಒಂದು ಸಾಲು. "ಮಾವ, ಸಾವಯವ ಅಂತಾನೂ ಹಾಕಿದಾರೆ, ಕೆಮಿಕಲ್ ಇದೆ ಅಂತಾನೂ ಹಾಕಿದಾರೆ, ಇದ್ರಲ್ಲಿ ಯಾವ್ದು ಸುಳ್ಳು?" ಅಂತ ಕೇಳಿದ್ದ. ಎರಡೂ ನಿಜ. ಯಾಕೆ ಅಂತ ವಾಟ್ಸ್ಯಾಪಲ್ಲಿ ಎರಡು ಸಾಲಲ್ಲಿ ಹೇಳೋಕೆ ಆಗ್ಲಿಲ್ಲ, ಅದಕ್ಕೆ ಇಲ್ಲಿ ಉದ್ದಕ್ಕೆ ಬರೀತಿದೀನಿ.

ಹೊರದೇಶದ ವೈನ್ ಮೇಲಿನ 150% ಆಮದು ಸುಂಕ ನಮ್ಮಲ್ಲಿ ಹಳೇ ವಿಷ್ಯ, ಯುರೋಪ್ ಒಕ್ಕೂಟದ ಜೊತೆ ವ್ಯಾಪಾರ ಒಪ್ಪಂದದ ಜೊತೆ ಅದನ್ನ ಇಳಿಸೋ ಸುದ್ದಿನೂ ಬಂದಿದೆ, ಹಾಗಾಗಿ ಇಂಥ ಬಾಟಲಿಗಳ ಬಗ್ಗೆ ಕೇಳೋರು ಹೆಚ್ಚಾಗಿದಾರೆ. ನಮ್ಮ ದ್ರಾಕ್ಷಿ ಬೆಳೆಗಾರರಿಗೂ ಇದು ದೂರದ ವಿಷ್ಯ ಏನಲ್ಲ. ಕುಡಿಯೋರಿಗೂ ಕುಡಿಯದೇ ಇರೋರಿಗೂ ಅರ್ಥ ಆಗ್ಲಿ ಅಂತ, ಒಂದು ನಿಜವಾದ ಊರು, ಒಂದು ನಿಜವಾದ ಮನೆತನ ಇಟ್ಕೊಂಡು ಹೇಳ್ತೀನಿ. ನಾನು ಅಡಿಕೆ ತೋಟದ ಮನೆಯಿಂದ ಬಂದೋನು, ಹೋಲಿಕೆಗಳೂ ಅಲ್ಲಿಂದಾನೇ ಬರ್ತವೆ.

## ಊರು ಯಾವ್ದು, ಮನೆ ಯಾವ್ದು

ಇಟಲಿಯ ಈಶಾನ್ಯಕ್ಕೆ ವೆನೆತೊ ಅಂತ ಒಂದು ಪ್ರಾಂತ್ಯ ಇದೆ, ವೆನಿಸ್ ಇರೋದು ಅಲ್ಲೇ. ಅದೇ ಪ್ರಾಂತ್ಯದ ವೆರೋನಾ ನಗರದಿಂದ ಪೂರ್ವಕ್ಕೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಹೋದ್ರೆ ಸೊವಾವೆ ಅನ್ನೋ ಪುಟ್ಟ ಊರು ಸಿಗತ್ತೆ. ಊರ ಸುತ್ತ ಗೋಡೆ, ಗುಡ್ಡದ ನೆತ್ತಿ ಮೇಲೆ ಹಳೇ ಕಾಲದ ಕೋಟೆ, ಅದರ ಹಿಂದೆ ಕಣ್ಣು ಹಾಯಿಸಿದಷ್ಟೂ ದ್ರಾಕ್ಷಿ. ಊರಿನ ಹೆಸರೇ ವೈನಿನ ಹೆಸರು. ನಂಜನಗೂಡು ರಸಬಾಳೆ ಅಂದ ಹಾಗೆ, ಬೆಳೆ ಊರಿಗೆ ಅಂಟಿಕೊಂಡಿದೆ, ಬೇರೆ ಊರಿನವರು ಆ ಹೆಸರು ಹಾಕ್ಕೊಳ್ಳೋ ಹಾಗಿಲ್ಲ.

ಇಟಲಿಯಲ್ಲಿ ಈ ವ್ಯವಸ್ಥೆಗೆ ಡಿಒಸಿ ಅಂತಾರೆ. ನಮ್ಮ ಜಿಐ ಟ್ಯಾಗ್‌ಗೆ ಇನ್ನೊಂದಿಷ್ಟು ಬಿಗಿ ನಿಯಮ ಸೇರಿಸಿದ ಹಾಗೆ ಅಂದ್ಕೊಳ್ಳಿ: ಯಾವ ಜಾಗದಲ್ಲಿ ಬೆಳೀಬೇಕು, ಯಾವ ತಳಿ ಇರಬೇಕು, ಹೆಕ್ಟೇರಿಗೆ ಎಷ್ಟು ಟನ್ನಿಗಿಂತ ಹೆಚ್ಚು ಕೊಯ್ಯಬಾರದು, ಎಲ್ಲಾ ಬರೆದಿಟ್ಟಿರತ್ತೆ. ಸೊವಾವೆಗೆ ಡಿಒಸಿ ಸಿಕ್ಕಿದ್ದು 1968ರಲ್ಲಿ. ಬಾಟಲಿಯಲ್ಲಿ ಕಮ್ಮಿ ಅಂದ್ರೂ 70% ಗರ್ಗಾನೆಗ ಅನ್ನೋ ಸ್ಥಳೀಯ ತಳಿ ಇರಲೇಬೇಕು. ಇದು ತಡವಾಗಿ ಮಾಗೋ, ಉದ್ದುದ್ದ ಗೊನೆ ಬಿಡೋ ತಳಿ, ಬಿಟ್ರೆ ಹೆಚ್ಚು ಇಳುವರಿ ಕೊಟ್ಟು ರುಚಿ ತೆಳು ಮಾಡ್ಕೊಳ್ಳೋದು ಅದರ ಸ್ವಭಾವ.

ಆ ಸ್ವಭಾವದಿಂದಾನೇ ಸೊವಾವೆಗೆ ಒಂದು ಸಲ ಕೆಟ್ಟ ಹೆಸರು ಬಂತು. 1960, 70ರ ದಶಕದಲ್ಲಿ ಅಮೆರಿಕದಲ್ಲಿ ಇದಕ್ಕೆ ವಿಪರೀತ ಬೇಡಿಕೆ, ದ್ರಾಕ್ಷಿ ಗುಡ್ಡದಿಂದ ಇಳಿದು ಫಲವತ್ತಾದ ಬಯಲಿಗೆ ಹರಡ್ತು, ಇಳುವರಿ ಏರ್ತು, ಗ್ಲಾಸಲ್ಲಿ ಮಾತ್ರ ನೀರಿನಂಥ ವೈನ್. ಆ ಹೊತ್ತಲ್ಲಿ ಗುಡ್ಡ ಬಿಡದೇ ಉಳಿದ ಕೆಲವು ಮನೆಗಳಲ್ಲಿ ಒಂದು ಪಿಯೆರೊಪಾನ್ ಮನೆತನ.

1880ರಲ್ಲಿ ಊರಿನ ವೈದ್ಯ ಲಿಯೊನಿಲ್ಡೊ ಪಿಯೆರೊಪಾನ್ ಶುರು ಮಾಡಿದ್ದು ಇದು. ಅಜ್ಜನ ಹೆಸರನ್ನೇ ಇಟ್ಕೊಂಡ ಮೊಮ್ಮಗ, ಎಲ್ಲರೂ ನೀನೊ ಅಂತ ಕರೀತಿದ್ದವರು, ಒಂದು ಕೆಲಸ ಮಾಡಿದರು: ಎಲ್ಲಾ ತೋಟದ ಹಣ್ಣನ್ನ ಒಟ್ಟಿಗೆ ಸುರಿಯೋ ಬದಲು ಒಂದೇ ಗುಡ್ಡದ ತೋಟದ ಹಣ್ಣನ್ನ ಬೇರೆ ಇಟ್ಟು, ಆ ತೋಟದ ಹೆಸರನ್ನೇ ಬಾಟಲಿ ಮೇಲೆ ಹಾಕಿದರು. ಅದು 1971ರ ಕಾಲ್ವರೀನೊ. ಸೊವಾವೆಯಲ್ಲಿ ಒಂದೇ ತೋಟದ ಹೆಸರಲ್ಲಿ ಬಂದ ಮೊದಲ ವೈನ್ ಅಂತ ಇದನ್ನ ಗುರುತಿಸ್ತಾರೆ. ನೀನೊ 2018ರಲ್ಲಿ ತೀರಿಕೊಂಡರು, ಈಗ ಮಕ್ಕಳಾದ ಅಂದ್ರೆಯಾ ಮತ್ತು ದಾರಿಯೊ ನಡೆಸ್ತಾರೆ. 2015ರಲ್ಲಿ ಮನೆತನಕ್ಕೆ ಸಾವಯವ ಪ್ರಮಾಣಪತ್ರ ಬಂತು. ಅಕ್ಕನ ಮಗ ಕಳಿಸಿದ್ದು ಇವರ ಬಾಟಲಿ ಅಲ್ಲ, ಆದ್ರೆ ಈ ಮನೆ ಅರ್ಥ ಆದ್ರೆ ಆ ಲೇಬಲ್ಲೂ ಅರ್ಥ ಆಗತ್ತೆ.

## ದ್ರಾಕ್ಷಿ ರಸ ವೈನ್ ಆಗೋದು ಹೇಗೆ

ದೋಸೆ ಹಿಟ್ಟು ರಾತ್ರಿ ಇಟ್ಟರೆ ಬೆಳಿಗ್ಗೆ ಉಬ್ಬಿರತ್ತಲ್ಲ, ಅಲ್ಲಿ ಕಣ್ಣಿಗೆ ಕಾಣದ ಜೀವಿಗಳು ಹಿಟ್ಟು ತಿಂದು ಹುಳಿ ಮತ್ತು ಗಾಳಿಗುಳ್ಳೆ ಬಿಡ್ತವೆ. ದ್ರಾಕ್ಷಿ ರಸದಲ್ಲಿ ಇದೇ ಥರ ಯೀಸ್ಟ್ ಅನ್ನೋ ಜೀವಿ ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಬಿಡತ್ತೆ. ಲೆಕ್ಕ ಬೇಕು ಅಂದ್ರೆ, ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಕರಗಿದ್ರೆ 1% ಆಲ್ಕೋಹಾಲ್. ಹಣ್ಣಲ್ಲಿ ಲೀಟರಿಗೆ 200 ಗ್ರಾಂ ಸಕ್ಕರೆ ಇದ್ದು ಎಲ್ಲವನ್ನೂ ಯೀಸ್ಟ್ ತಿಂದು ಮುಗಿಸಿದ್ರೆ 12% ಹತ್ರ ಹತ್ರ ಬರತ್ತೆ. ಸಕ್ಕರೆ ಪೂರ್ತಿ ಮುಗಿದ ವೈನಿಗೆ "ಡ್ರೈ" ಅಂತಾರೆ, ಒಣ ಅಂತ ಅರ್ಥ ಅಲ್ಲ, ಸಿಹಿ ಇಲ್ಲ ಅಂತ.

ಬಿಳಿ ವೈನ್ ಯಾಕೆ ಬಿಳಿ ಅನ್ನೋದಕ್ಕೆ ಮನೇಲೇ ಒಂದು ಪರೀಕ್ಷೆ ಮಾಡ್ಬಹುದು. ಬೆಂಗಳೂರು ಬ್ಲೂ, ಅದೇ ನಮ್ಮ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಕಡೆ ಬೆಳೆಯೋ ಕಪ್ಪು ದ್ರಾಕ್ಷಿ, ಅದನ್ನ ಮೆಲ್ಲಗೆ ಹಿಸುಕಿ. ಒಳಗಿನ ತಿರುಳು ಹೆಚ್ಚುಕಮ್ಮಿ ಬಣ್ಣವೇ ಇಲ್ಲದ್ದು, ಬಣ್ಣ ಎಲ್ಲಾ ಸಿಪ್ಪೆಯಲ್ಲಿ. ಕೆಂಪು ವೈನಲ್ಲಿ ರಸವನ್ನ ಸಿಪ್ಪೆ ಬೀಜದ ಜೊತೆ ದಿನಗಟ್ಟಲೆ ನೆನೆಸ್ತಾರೆ, ಬಿಳಿಯಲ್ಲಿ ಹಣ್ಣು ಬಂದ ಕೂಡ್ಲೇ ಹಿಂಡಿ ಸಿಪ್ಪೆ ಬೇರೆ ಮಾಡಿ ರಸ ಮಾತ್ರ ಹುಳಿ ಬರೋಕೆ ಬಿಡ್ತಾರೆ, ಅದೂ ತಣ್ಣಗೆ, ಸಾಮಾನ್ಯವಾಗಿ 15ರಿಂದ 18 ಡಿಗ್ರಿಯಲ್ಲಿ, ಯಾಕಂದ್ರೆ ಬಿಸಿ ಜಾಸ್ತಿ ಆದ್ರೆ ಹೂವಿನಂಥ ಪರಿಮಳ ಗಾಳಿಗೆ ಹೋಗಿಬಿಡತ್ತೆ.

ಸಿಪ್ಪೆ ತೆಗೆದಿದ್ದಕ್ಕೆ ಒಂದು ಬೆಲೆ ತೆರಬೇಕಾಗತ್ತೆ. ಸಿಪ್ಪೆ ಬೀಜದಲ್ಲಿ ಒಗರು ಇರತ್ತೆ, ಎಳೇ ಅಡಿಕೆ ಜಗಿದಾಗ ನಾಲಿಗೆ ಎಳೆದ ಹಾಗಾಗತ್ತಲ್ಲ, ಅದೇ ಜಾತಿಯ ವಸ್ತು. ಆ ಒಗರು ವೈನನ್ನ ಗಾಳಿಯಿಂದ ಕಾಪಾಡತ್ತೆ. ಬಿಳಿಯಲ್ಲಿ ಅದು ತುಂಬಾ ಕಮ್ಮಿ, ಹಾಗಾಗಿ ಗಾಳಿ ತಾಗಿದ್ರೆ ಬೇಗ ಕೆಡತ್ತೆ. ಬದನೆಕಾಯಿ ಹೆಚ್ಚಿ ಹಾಗೇ ಇಟ್ಟರೆ ಕಪ್ಪಾಗತ್ತೆ, ಅದಕ್ಕೆ ನೀರಲ್ಲಿ ಹಾಕಿಡ್ತೀವಲ್ಲ, ಹಂಗೆ ಬಿಳಿ ವೈನಿಗೂ ಏನಾದ್ರೂ ಒಂದು ಕಾವಲು ಬೇಕು. ಇದನ್ನ ನೆನಪಿಟ್ಕೊಳ್ಳಿ, ಸಲ್ಫೈಟ್ ವಿಷ್ಯಕ್ಕೆ ಬಂದಾಗ ಬೇಕಾಗತ್ತೆ.

## ಸಾವಯವ ಅಂದ್ರೆ ಮದ್ದೇ ಹೊಡೆಯಲ್ವಾ?

ಹೊಡೀತಾರೆ. ಎಲ್ಲರೂ ತಪ್ಪು ತಿಳ್ಕೊಳ್ಳೋದು ಇಲ್ಲೇ, ಹಾಗಾಗಿ ಸ್ವಲ್ಪ ನಿಂತು ಹೇಳ್ತೀನಿ.

ಯುರೋಪಿನ ನಿಯಮದಲ್ಲಿ ಸಾವಯವ ದ್ರಾಕ್ಷಿ ಅಂದ್ರೆ ಕಾರ್ಖಾನೆಯಲ್ಲಿ ಸಂಶ್ಲೇಷಿಸಿದ ಕೀಟನಾಶಕ, ಶಿಲೀಂಧ್ರನಾಶಕ, ಕಳೆನಾಶಕ, ರಾಸಾಯನಿಕ ಗೊಬ್ಬರ ಇಲ್ಲದೇ ಬೆಳೆದಿದ್ದು. ಪಟ್ಟಿಯಲ್ಲಿ ಬಿಟ್ಟಿರೋ ಕೆಲವು ವಸ್ತು ಬಳಸಬಹುದು, ಅದರಲ್ಲಿ ಮುಖ್ಯವಾದವು ಎರಡೇ: ಗಂಧಕ ಮತ್ತು ತಾಮ್ರ. ಗಂಧಕ ಬೂದಿ ರೋಗಕ್ಕೆ. ತಾಮ್ರ ಇನ್ನೊಂದು ರೋಗಕ್ಕೆ, ಇಟಲಿಯವರು ಪೆರೊನೊಸ್ಪೊರ ಅಂತಾರೆ, ನಮ್ಮ ದ್ರಾಕ್ಷಿ ಬೆಳೆಗಾರರು ಡೌನಿ ಅಂತಾರೆ. ಮಳೆಗಾಲದ ರೋಗ, ಎಲೆ ಮೇಲೆ ಎಣ್ಣೆ ಚುಕ್ಕೆ ಥರ ಶುರುವಾಗಿ ಅಡಿಯಲ್ಲಿ ಬಿಳೀ ಬೂಷ್ಟು ಹಿಡಿಯತ್ತೆ, ಎಳೇ ಗೊನೆಗೆ ಬಂದ್ರೆ ಫಸಲೇ ಹೋಯ್ತು. 2023ರಲ್ಲಿ ಮಳೆ ಹೆಚ್ಚಾಗಿ ಈ ರೋಗ ಇಟಲಿಯ ಮಧ್ಯ ಮತ್ತು ದಕ್ಷಿಣ ಭಾಗವನ್ನ ಹೊಡೆದು, ದೇಶದ ಒಟ್ಟು ವೈನ್ ಉತ್ಪಾದನೆ ಎಷ್ಟೋ ದಶಕಗಳಲ್ಲಿ ಕಾಣದ ಮಟ್ಟಕ್ಕೆ ಇಳೀತು.

ಮಲೆನಾಡಿನವರಿಗೆ ಈ ರೋಗ ವಿವರಿಸೋದು ಸುಲಭ, ನಮ್ಮ ಅಡಿಕೆ ಕೊಳೆರೋಗದ ನೆಂಟ ಇದು. ಎರಡನ್ನೂ ತರೋದು ಒಂದೇ ವರ್ಗದ ಸೂಕ್ಷ್ಮಜೀವಿಗಳು, ನೀರಿದ್ರೇನೇ ಹರಡೋ ಜಾತಿ, ಮಳೆಹನಿ ಸಿಡಿದು ಒಂದು ಗೊನೆಯಿಂದ ಇನ್ನೊಂದಕ್ಕೆ ದಾಟೋವು. ಮದ್ದೂ ಒಂದೇ. ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ, ನೀರು: ಬೋರ್ಡೋ ದ್ರಾವಣ. ಬೋರ್ಡೋ ಅನ್ನೋದು ಫ್ರಾನ್ಸಿನ ವೈನ್ ಊರಿನ ಹೆಸರು ಅಂತ ನಮ್ಮ ಎಷ್ಟೋ ತೋಟದವರಿಗೆ ಗೊತ್ತಿಲ್ಲ. ಅಲ್ಲಿ ರಸ್ತೆ ಬದಿ ದ್ರಾಕ್ಷಿಯನ್ನ ದಾರಿಹೋಕರು ಕಿತ್ತು ತಿನ್ನಬಾರದು ಅಂತ ಬಳ್ಳಿಗೆ ಮೈಲುತುತ್ತ ಸುಣ್ಣ ಬಳೀತಿದ್ರು, ಆ ಬಳ್ಳಿಗಳಿಗೆ ಮಾತ್ರ ರೋಗ ಬರದೇ ಇದ್ದಿದ್ದನ್ನ ಮಿಲ್ಲಾರ್ದೆ ಅನ್ನೋ ಸಸ್ಯವಿಜ್ಞಾನಿ ಗಮನಿಸಿ 1885ರಲ್ಲಿ ಪ್ರಕಟಿಸಿದರು. ಆಮೇಲೆ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನ ನಮ್ಮ ಕೊಳೆರೋಗಕ್ಕೆ ಹೊಂದಿಸಿ ತೋಟಗಳಿಗೆ ತಂದರು. ನೂರು ವರ್ಷ ದಾಟಿದ್ರೂ ಅಲ್ಲೂ ಇಲ್ಲೂ ಅದೇ ನೀಲಿ ನೀರು. ದ್ರಾವಣ ಹದಕ್ಕೆ ಬಂದಿದ್ಯಾ ಅಂತ ನಮ್ಮಪ್ಪ ಕತ್ತಿ ತುದಿ ಅದ್ದಿ ನೋಡ್ತಿದ್ರು, ಅಲಗು ತಾಮ್ರದ ಬಣ್ಣಕ್ಕೆ ತಿರುಗಿದ್ರೆ ಸುಣ್ಣ ಸಾಲದು ಅಂತ ಲೆಕ್ಕ.

ಮುಖ್ಯ ವಿಷ್ಯ ಈಗ ಬರತ್ತೆ. ರಾಸಾಯನಿಕ ಶಿಲೀಂಧ್ರನಾಶಕಗಳಲ್ಲಿ ಕೆಲವು ಎಲೆಯ ಒಳಗೆ ಇಳಿದು ರಸದ ಜೊತೆ ಓಡಾಡ್ತವೆ, ರೋಗ ತಾಗಿ ಒಂದೆರಡು ದಿನ ಆದಮೇಲೂ ಹೊಡೆದು ತಡೀಬಹುದು. ತಾಮ್ರಕ್ಕೆ ಆ ಶಕ್ತಿ ಇಲ್ಲ. ಅದು ಎಲೆಯ ಮೇಲೆ ಕೂತು ಬಾಗಿಲು ಕಾಯತ್ತೆ ಅಷ್ಟೇ, ಒಳಗೆ ನುಗ್ಗಿದ ರೋಗವನ್ನ ಹೊರಗೆ ಹಾಕೋಕೆ ಆಗಲ್ಲ. ಜೋರು ಮಳೆ ಬಂದ್ರೆ ತೊಳೆದು ಹೋಗತ್ತೆ. ನಿನ್ನೆ ಹೊಡೆದ ಮೇಲೆ ಇವತ್ತು ಚಿಗುರಿದ ಎಲೆಗೆ ರಕ್ಷಣೆನೇ ಇಲ್ಲ. ಹಾಗಾಗಿ ಸಾವಯವ ತೋಟದವನು ಯಾವತ್ತೂ ಮಳೆಗಿಂತ ಒಂದು ದಿನ ಮುಂದೆ ಇರಬೇಕು. ನಮ್ಮಲ್ಲಿ ಆರಿದ್ರಾ ಮಳೆ ಹಿಡಿಯೋಕೆ ಮುಂಚೆ ಮೊದಲ ಮದ್ದು ಆಗ್ಲೇಬೇಕು ಅಂತ ಕೊನೆಗೌಡನ (ಅಡಿಕೆ ಮರ ಹತ್ತಿ ಮದ್ದು ಹೊಡೆಯೋನು) ಮನೆ ಬಾಗಿಲಿಗೆ ನಾಲ್ಕು ಸಲ ಹೋಗಿ ಬರ್ತಿದ್ದಿದ್ದು ಇದೇ ಕಾರಣಕ್ಕೆ.

ಇಟಲಿಯ ರೈತರ ಹತ್ರ ಇದಕ್ಕೊಂದು ಹಳೇ ಲೆಕ್ಕ ಇದೆ, "ಮೂರು ಹತ್ತು" ಅಂತಾರೆ: ಚಿಗುರು 10 ಸೆಂಟಿಮೀಟರ್ ಆಗಿರಬೇಕು, ತಾಪಮಾನ 10 ಡಿಗ್ರಿ ದಾಟಿರಬೇಕು, ಒಂದೆರಡು ದಿನದಲ್ಲಿ 10 ಮಿಲಿಮೀಟರ್ ಮಳೆ ಬಿದ್ದಿರಬೇಕು. ಮೂರೂ ಸೇರಿದ್ರೆ ವರ್ಷದ ಮೊದಲ ಸೋಂಕು ಶುರು ಆಗಬಹುದು ಅಂತ ಎಚ್ಚರ. ಈಗ ತೋಟದಲ್ಲಿ ಹವಾಮಾನ ಯಂತ್ರ ಇಟ್ಟು ಕಂಪ್ಯೂಟರ್ ಲೆಕ್ಕನೂ ಹಾಕ್ತಾರೆ, ಆದ್ರೂ ಈ ಮೂರು ಹತ್ತು ಬಾಯಲ್ಲಿ ಉಳಿದಿದೆ.

ಸಾವಯವ ಅಂತ ತಾಮ್ರವನ್ನ ಎಷ್ಟು ಬೇಕಾದ್ರೂ ಸುರಿಯೋ ಹಾಗೂ ಇಲ್ಲ. ತಾಮ್ರ ಒಂದು ಲೋಹ, ಅದು ಕೊಳೆತು ಹೋಗಲ್ಲ, ಮಣ್ಣಲ್ಲೇ ಕೂರತ್ತೆ, ಹೆಚ್ಚಾದ್ರೆ ಎರೆಹುಳಕ್ಕೂ ಮಣ್ಣಿನ ಜೀವಿಗಳಿಗೂ ವಿಷ. ಅದಕ್ಕೇ ಯುರೋಪ್ 2019ರಿಂದ ಒಂದು ಮಿತಿ ಹಾಕಿದೆ: ಹೆಕ್ಟೇರಿಗೆ 7 ವರ್ಷದಲ್ಲಿ ಒಟ್ಟು 28 ಕೆಜಿ ತಾಮ್ರ, ಅಂದ್ರೆ ಸರಾಸರಿ ವರ್ಷಕ್ಕೆ 4 ಕೆಜಿ. ನಮ್ಮ ಲೆಕ್ಕಕ್ಕೆ ತರೋದಾದ್ರೆ, ಮೈಲುತುತ್ತದಲ್ಲಿ ಕಾಲು ಭಾಗ ಮಾತ್ರ ತಾಮ್ರ, ಹಾಗಾಗಿ 4 ಕೆಜಿ ತಾಮ್ರ ಅಂದ್ರೆ ಸುಮಾರು 16 ಕೆಜಿ ಮೈಲುತುತ್ತ, ಹೆಕ್ಟೇರಿಗೆ ಎರಡೂವರೆ ಎಕರೆ ಅಂತ ಹಿಡಿದ್ರೆ ಎಕರೆಗೆ ಹತ್ರ ಹತ್ರ ಆರೂವರೆ ಕೆಜಿ, ಅದೂ ಇಡೀ ವರ್ಷಕ್ಕೆ. ಮಳೆ ಜಾಸ್ತಿ ಬಂದ ವರ್ಷ ಸ್ವಲ್ಪ ಹೆಚ್ಚು ಹೊಡೆದು ಒಣ ವರ್ಷದಲ್ಲಿ ಉಳಿಸಿಕೊಳ್ಳೋಕೆ ಅಂತಾನೇ 7 ವರ್ಷದ ಲೆಕ್ಕ. ಬೇಸಾಯ ಗೊತ್ತಿರೋರು ಕೂತು ಬರೆದ ನಿಯಮ ಅನ್ಸತ್ತೆ ನಂಗೆ.

ಇಷ್ಟೇ ಮದ್ದಲ್ಲಿ ಬೆಳೆ ಉಳೀಬೇಕು ಅಂದ್ರೆ ಉಳಿದಿದ್ದು ಕೈಕೆಲಸ. ಸೊವಾವೆ ಗುಡ್ಡದಲ್ಲಿ ದ್ರಾಕ್ಷಿಯನ್ನ ಹೆಚ್ಚಾಗಿ ಚಪ್ಪರಕ್ಕೆ ಹಬ್ಬಿಸ್ತಾರೆ, ಪೆರ್ಗೊಲಾ ಅಂತಾರೆ, ನಂದಿ ಬೆಟ್ಟದ ಬುಡದಲ್ಲಿ ಕಾಣೋ ಚಪ್ಪರದ ಹಾಗೇನೇ, ಸ್ವಲ್ಪ ಓರೆಯಾಗಿರತ್ತೆ ಅಷ್ಟೇ. ಗೊನೆ ನೆರಳಲ್ಲಿ ತೂಗತ್ತೆ, ಬಿಸಿಲಿಗೆ ಸುಡಲ್ಲ. ಆದ್ರೆ ಎಲೆ ದಟ್ಟ ಆದ್ರೆ ಒಳಗೆ ಗಾಳಿ ಆಡದೇ ತೇವ ನಿಂತು ರೋಗಕ್ಕೆ ದಾರಿ ಆಗತ್ತೆ, ಹಾಗಾಗಿ ಗೊನೆ ಸುತ್ತಲಿನ ಎಲೆಗಳನ್ನ ಆರಿಸಿ ಕೀಳಬೇಕು. ಸಾಲುಗಳ ಮಧ್ಯೆ ಬಟಾಣಿ, ಅವರೆ ಜಾತಿಯ ದ್ವಿದಳ ಧಾನ್ಯ, ಸಾಸಿವೆ, ಬಾರ್ಲಿ ಬಿತ್ತಿ ಆಮೇಲೆ ಮಣ್ಣಿಗೆ ಮಗುಚೋದು, ನಾವು ಗದ್ದೆಗೆ ಸೆಣಬು ಹಾಕಿ ಉಳೋ ಥರ. ಕಳೆಗೆ ಯಂತ್ರ ಅಥವಾ ಗುದ್ದಲಿ.

ಹುಳಕ್ಕೆ ಮಾಡೋ ಉಪಾಯ ನಂಗೆ ತುಂಬಾ ಇಷ್ಟ. ದ್ರಾಕ್ಷಿ ಗೊನೆ ಕೊರೆಯೋ ಒಂದು ಪತಂಗ ಇದೆ, ಗಂಡು ಪತಂಗ ಹೆಣ್ಣಿನ ವಾಸನೆ ಹಿಡಿದು ಹುಡುಕ್ಕೊಂಡು ಹೋಗತ್ತೆ. ನಮ್ಮಲ್ಲಿ ತೆಂಗಿನ ಕೆಂಪುಮೂತಿ ಹುಳಕ್ಕೆ ಮೋಹಕ ಬಲೆ ಇಟ್ಟು ಹಿಡಿದು ಕೊಲ್ತೀವಿ. ಅಲ್ಲಿ ಹಿಡಿಯೋದೂ ಇಲ್ಲ, ಕೊಲ್ಲೋದೂ ಇಲ್ಲ: ಹೆಣ್ಣಿನ ವಾಸನೆ ತುಂಬಿದ ಸಣ್ಣ ಸಣ್ಣ ಕೊಳವೆಗಳನ್ನ ತೋಟದ ತುಂಬಾ ತಂತಿಗೆ ಕಟ್ತಾರೆ, ಎಲ್ಲಾ ಕಡೆಯಿಂದಲೂ ಒಂದೇ ವಾಸನೆ ಬಂದು ಗಂಡಿಗೆ ದಿಕ್ಕು ತಪ್ಪತ್ತೆ, ಜೋಡಿ ಆಗಲ್ಲ, ಮೊಟ್ಟೆ ಇಲ್ಲ. ಇದು ಒಬ್ಬರ ಸಣ್ಣ ತುಂಡು ಜಮೀನಲ್ಲಿ ಕೆಲಸ ಮಾಡಲ್ಲ, ಅಕ್ಕಪಕ್ಕದವರೂ ಸೇರಿ ಇಡೀ ಗುಡ್ಡಕ್ಕೆ ಕಟ್ಟಿದ್ರೇ ಫಲ.

ತೋಟ ಇವತ್ತು ಸಾವಯವ ಅಂದ್ರೆ ನಾಳೆ ಎಲೆ ಚಿತ್ರ ಹಾಕೋಕೂ ಆಗಲ್ಲ. ದ್ರಾಕ್ಷಿಯಂಥ ಬಹುವಾರ್ಷಿಕ ಬೆಳೆಗೆ 3 ವರ್ಷ ಪರಿವರ್ತನೆ ಅವಧಿ. ಆ ಮೂರು ವರ್ಷ ಖರ್ಚು ಸಾವಯವದ್ದು, ಸಿಗೋ ಬೆಲೆ ಮಾತ್ರ ಮಾಮೂಲಿದು. ಮನೆತನದ ಕೈಲಿರೋ ತೋಟ ಇದಕ್ಕೆ ಯಾಕೆ ಹೊಂದಿಕೊಳ್ಳತ್ತೆ ಅಂದ್ರೆ ಇಲ್ಲೇ ಉತ್ತರ ಇದೆ. ಬೇರೆಯವರಿಂದ ಹಣ್ಣು ಕೊಂಡು ವೈನ್ ಮಾಡೋರಿಗೆ ಭಾನುವಾರ ಸಂಜೆ ಮೋಡ ನೋಡಿ ಟ್ರ್ಯಾಕ್ಟರ್ ಹತ್ತೋ ಅಧಿಕಾರನೇ ಇರಲ್ಲ. ತೋಟನೂ ತನ್ನದೇ, ಹಿಂಡೋ ಮನೆಯೂ ತನ್ನದೇ, ಮುಂದೆ ಮಕ್ಕಳು ಅಲ್ಲೇ ಕೃಷಿ ಮಾಡೋದು ಅಂತ ಇರೋರು ಮಣ್ಣಲ್ಲಿ ಕೂರೋ ತಾಮ್ರದ ಬಗ್ಗೆನೂ ಯೋಚನೆ ಮಾಡ್ತಾರೆ, ಮೂರು ವರ್ಷದ ನಷ್ಟನೂ ತಡ್ಕೊಳ್ತಾರೆ.

## ಹಾಗಾದ್ರೆ ಸಲ್ಫೈಟ್ ಎಲ್ಲಿಂದ ಬಂತು

ಮನೇಲಿ ನಿಂಬೆಹಣ್ಣಿನ ಸ್ಕ್ವಾಷ್ ಮಾಡಿ ವರ್ಷ ಇಡೋರಿಗೆ ಕೆಎಂಎಸ್ ಗೊತ್ತಿರತ್ತೆ, ಚಿಟಿಕೆ ಬಿಳೀ ಪುಡಿ, ಪೂರ್ತಿ ಹೆಸರು ಪೊಟ್ಯಾಸಿಯಂ ಮೆಟಾಬೈಸಲ್ಫೈಟ್. ವೈನಿಗೂ ಹಾಕೋದು ಅದನ್ನೇ, ಅಥವಾ ಅದರಿಂದ ಹುಟ್ಟೋ ಗಂಧಕದ ಡೈಆಕ್ಸೈಡ್ ಅನಿಲವನ್ನ ನೇರ ಕೊಡ್ತಾರೆ. ಲೇಬಲ್ ಮೇಲೆ ಸಲ್ಫೈಟ್ ಅನ್ನೋದು ಇದನ್ನೇ. ಅದು ಎರಡು ಕೆಲಸ ಮಾಡತ್ತೆ, ಬೇಡದ ಸೂಕ್ಷ್ಮಜೀವಿಗಳನ್ನ ತಡೆಯತ್ತೆ, ಗಾಳಿ ತಾಗಿ ಕಂದು ಆಗೋದನ್ನ ನಿಲ್ಲಿಸತ್ತೆ. ಮೇಲೆ ಹೇಳಿದ ಬದನೆಕಾಯಿ ನೀರು ಇದೇ. ಬಿಳಿ ವೈನಿಗೆ ಒಗರಿನ ರಕ್ಷಣೆ ಇಲ್ಲದೇ ಇರೋದ್ರಿಂದ ಕೆಂಪಿಗಿಂತ ಸ್ವಲ್ಪ ಹೆಚ್ಚೇ ಬೇಕಾಗತ್ತೆ.

2012ರ ತನಕ ಯುರೋಪಲ್ಲಿ "ಸಾವಯವ ವೈನ್" ಅನ್ನೋ ಮಾತೇ ಕಾನೂನಲ್ಲಿ ಇರಲಿಲ್ಲ. "ಸಾವಯವ ದ್ರಾಕ್ಷಿಯಿಂದ ಮಾಡಿದ ವೈನ್" ಅಂತ ಮಾತ್ರ ಬರೀಬಹುದಿತ್ತು, ತೋಟಕ್ಕೆ ನಿಯಮ ಇತ್ತು, ವೈನ್ ಮಾಡೋ ಕೋಣೆಗೆ ಇರಲಿಲ್ಲ. 2012ರಲ್ಲಿ ಕೋಣೆಗೂ ನಿಯಮ ಬಂತು. ಸಿಹಿ ಇಲ್ಲದ ಸಾಮಾನ್ಯ ಬಿಳಿ ವೈನಲ್ಲಿ ಲೀಟರಿಗೆ 200 ಮಿಲಿಗ್ರಾಂ ತನಕ ಸಲ್ಫೈಟ್ ಇರಬಹುದು, ಸಾವಯವ ಅಂತ ಬರೀಬೇಕು ಅಂದ್ರೆ 150 ದಾಟೋ ಹಾಗಿಲ್ಲ. ಕೆಂಪಿಗೆ ಈ ಲೆಕ್ಕ 150 ಮತ್ತು 100. ಅಂದ್ರೆ ಸಾವಯವ ವೈನ್ ಅಂದ್ರೆ ಸಲ್ಫೈಟ್ ಇಲ್ಲ ಅಂತ ಅಲ್ಲ, ಕಮ್ಮಿ ಮಿತಿ ಅಂತ. ಇನ್ನೊಂದು, ಯೀಸ್ಟ್ ಹುಳಿ ಬರಿಸುವಾಗ ತಾನೇ ಸ್ವಲ್ಪ ಸಲ್ಫೈಟ್ ಹುಟ್ಟಿಸತ್ತೆ, ಲೀಟರಿಗೆ 10 ಮಿಲಿಗ್ರಾಂ ದಾಟಿದ್ರೆ ಲೇಬಲ್ ಮೇಲೆ ಹೇಳಲೇಬೇಕು, ಹಾಗಾಗಿ ಏನೂ ಹಾಕದೇ ಇರೋ ವೈನ್ ಮೇಲೂ ಒಮ್ಮೊಮ್ಮೆ ಆ ಸಾಲು ಇರತ್ತೆ.

ಭಯ ಪಡೋ ಪ್ರಮಾಣನಾ ಅಂತ ಕೇಳಿದ್ರೆ ಒಂದು ಹೋಲಿಕೆ: ಒಣದ್ರಾಕ್ಷಿ, ಒಣ ಏಪ್ರಿಕಾಟ್‌ಗೆ ಯುರೋಪಿನಲ್ಲಿ ಕೆಜಿಗೆ 2,000 ಮಿಲಿಗ್ರಾಂ ತನಕ ಅವಕಾಶ ಇದೆ. ಆದ್ರೆ ಆಸ್ತಮಾ ಇರೋ ಕೆಲವರಿಗೆ ಸಲ್ಫೈಟ್ ನಿಜವಾಗ್ಲೂ ತೊಂದರೆ ಕೊಡತ್ತೆ, ಆ ಸಾಲನ್ನ ಕಡ್ಡಾಯ ಮಾಡಿದ್ದು ಅವರಿಗೋಸ್ಕರ, ಅವರು ಎಲೆ ಚಿತ್ರ ನೋಡಿ ನಿಶ್ಚಿಂತೆ ಆಗಬಾರದು.

## ಒಂದೇ ಮನೆ, ಎರಡು ಗುಡ್ಡ

ಪಿಯೆರೊಪಾನ್ ಮನೆಯ ಎರಡು ವೈನ್ ಪಕ್ಕಪಕ್ಕ ಇಟ್ಟರೆ, ಇಷ್ಟೆಲ್ಲಾ ಕಷ್ಟಪಟ್ಟು ಮಣ್ಣು ಕಾಯೋದು ಯಾಕೆ ಅನ್ನೋದು ಗೊತ್ತಾಗತ್ತೆ.

ಕಾಲ್ವರೀನೊ ತೋಟ ಇರೋದು ಜ್ವಾಲಾಮುಖಿಯಿಂದ ಬಂದ ಕಪ್ಪು ಬಸಾಲ್ಟ್ ಕಲ್ಲಿನ ಮಣ್ಣಲ್ಲಿ. ನಮ್ಮ ವಿಜಯಪುರದ ಎರೆಭೂಮಿನೂ ಬಸಾಲ್ಟ್ ಕಲ್ಲು ಸವೆದು ಆಗಿದ್ದೇ. ಇದರಲ್ಲಿ ಗರ್ಗಾನೆಗ ಜೊತೆ ಟ್ರೆಬ್ಬಿಯಾನೊ ದಿ ಸೊವಾವೆ ಅನ್ನೋ ಇನ್ನೊಂದು ಸ್ಥಳೀಯ ತಳಿ ಸೇರಿಸ್ತಾರೆ. ಹುಳಿ ಬಂದ ಮೇಲೆ ಮರ ತಾಗಿಸದೇ, ಒಳಗೆ ಗಾಜಿನ ಪದರ ಹಾಕಿದ ಸಿಮೆಂಟ್ ತೊಟ್ಟಿಯಲ್ಲಿ ಇಡ್ತಾರೆ. ಅಡಿಯಲ್ಲಿ ಸತ್ತ ಯೀಸ್ಟಿನ ಗಷ್ಟು ಕೂತಿರತ್ತಲ್ಲ, ಅದನ್ನ ತಕ್ಷಣ ತೆಗೆಯಲ್ಲ, ಅದರ ಮೇಲೆ ವೈನ್ ಇದ್ದಷ್ಟೂ ಬಾಯಿಗೆ ಒಂದು ಮೆದು ತುಂಬಿಕೆ ಬರತ್ತೆ.

ಇನ್ನೊಂದು ಲಾ ರೊಕ್ಕಾ, ಊರ ಕೋಟೆಯ ಕೆಳಗಿನ ಇಳಿಜಾರು, ಸುಣ್ಣಕಲ್ಲು ಜೇಡಿಯ ಮಣ್ಣು. ಮೊದಲ ವರ್ಷ 1978. ಇದು ಪೂರ್ತಿ ಗರ್ಗಾನೆಗ, ಮರದ ಪೀಪಾಯಿಯಲ್ಲಿ ಇಡೋದು, ಪೀಪಾಯಿಗಳೂ ದೊಡ್ಡವು, 500 ಲೀಟರ್, 2,000 ಲೀಟರಿನವು, ಯಾಕಂದ್ರೆ ಸಣ್ಣ ಪೀಪಾಯಿ ಆದ್ರೆ ಮರದ ರುಚಿಯೇ ಮೇಲಾಗಿಬಿಡತ್ತೆ. ಕಾಲ್ವರೀನೊದಲ್ಲಿ ಹುಳಿ ಚುರುಕಾಗಿದ್ದು ಬಿಳಿಹೂವು, ಹಸಿ ಬಾದಾಮಿಯ ನೆನಪು, ಲಾ ರೊಕ್ಕಾದಲ್ಲಿ ಹಣ್ಣು ಮಾಗಿದ ದುಂಡು ರುಚಿ. ಸೊವಾವೆ ಕುಡಿದ ಕೊನೆಗೆ ನಾಲಿಗೆ ಹಿಂದೆ ಬಾದಾಮಿ ಸಿಪ್ಪೆಯ ಸಣ್ಣ ಕಹಿ ಉಳಿಯೋದು ಗರ್ಗಾನೆಗದ ಗುರುತು ಅಂತಾರೆ.

ಇಳುವರಿ ಲೆಕ್ಕನೂ ಇಲ್ಲೇ ಹೇಳ್ತೀನಿ. ಹಳೇ ಗುಡ್ಡದ ಭಾಗದ ವೈನಿಗೆ "ಕ್ಲಾಸಿಕೊ" ಅಂತಾರೆ, ಅದಕ್ಕೆ ಹೆಕ್ಟೇರಿಗೆ 14 ಟನ್ ಮಿತಿ, "ಸುಪೀರಿಯೊರೆ" ಅನ್ನೋ ಮೇಲಿನ ದರ್ಜೆಗೆ 10 ಟನ್. 100 ಕೆಜಿ ಹಣ್ಣಿಂದ 70 ಲೀಟರ್ ವೈನ್ ಅಂತ ಹಿಡಿದ್ರೆ 750 ಮಿಲಿಯ ಒಂದು ಬಾಟಲಿಗೆ ಒಂದು ಕೆಜಿಗಿಂತ ಚೂರು ಹೆಚ್ಚು ದ್ರಾಕ್ಷಿ ಬೇಕು. ಗುಡ್ಡದ ಚಪ್ಪರದಲ್ಲಿ ಕೊಯ್ಲಿಗೆ ಯಂತ್ರ ಹೋಗಲ್ಲ, ಗೊನೆ ಗೊನೆ ಕೈಯಲ್ಲೇ ಕೊಯ್ಯೋದು. ಈ ಗುಡ್ಡಗಳ ಬೇಸಾಯವನ್ನ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2018ರಲ್ಲಿ ಜಾಗತಿಕ ಕೃಷಿ ಪರಂಪರೆ ಪಟ್ಟಿಗೆ ಸೇರಿಸಿದೆ.

ಇದೇ ಗರ್ಗಾನೆಗದಿಂದ ರೆಚೊಟೊ ಅನ್ನೋ ಸಿಹಿ ವೈನೂ ಆಗತ್ತೆ. ಆರಿಸಿದ ಗೊನೆಗಳನ್ನ ಗಾಳಿಯಾಡೋ ಅಟ್ಟದಲ್ಲಿ ಬಿದಿರು ಚಾಪೆಯ ಮೇಲೆ ತಿಂಗಳುಗಟ್ಟಲೆ ಒಣಗಿಸೋದು, ವಿಜಯಪುರ ಕಡೆ ಮನೂಕಕ್ಕೆ ಶೆಡ್ಡಿನ ನೆರಳಲ್ಲಿ ಒಣಗಿಸ್ತಾರಲ್ಲ, ಅದರ ಅರ್ಧ ದಾರಿಗೆ ನಿಲ್ಲಿಸಿದ ಹಾಗೆ. ನೀರು ಹೋಗಿ ಸಕ್ಕರೆ ಗಟ್ಟಿಯಾಗತ್ತೆ, ಯೀಸ್ಟ್ ತಿಂದು ಸಾಕಾಗಿ ನಿಂತ ಮೇಲೂ ಸಿಹಿ ಉಳಿದಿರತ್ತೆ. "ರೆಚಿಯೆ" ಅಂದ್ರೆ ಅಲ್ಲಿನ ಆಡುಮಾತಲ್ಲಿ ಕಿವಿ, ಗೊನೆಯ ಮೇಲೆ ಎರಡು ಕಡೆ ಚಾಚಿರೋ, ಬಿಸಿಲು ಚೆನ್ನಾಗಿ ಬಿದ್ದ ಭಾಗ.

## ಲೇಬಲ್ ಓದೋವಾಗ

ಹಸಿರು ಎಲೆ ಇದ್ರೆ ಅದರ ಹತ್ರಾನೇ ಒಂದು ಸಂಕೇತ ಇರತ್ತೆ, ಇಟಲಿಯದ್ದಾದ್ರೆ "ಐಟಿ ಬಯೋ" ಅಂತ ಶುರುವಾಗಿ ಮುಂದೆ ಅಂಕಿ. ತಪಾಸಣೆ ಮಾಡಿದ ಸಂಸ್ಥೆ ಯಾವುದು ಅಂತ ಅದು ಹೇಳತ್ತೆ. ಬರೀ "ನ್ಯಾಚುರಲ್" ಅಂತ ಬರೆದು ಎಲೆ, ಸಂಕೇತ ಎರಡೂ ಇಲ್ಲದಿದ್ರೆ ಅದು ಮಾಡಿದವರ ಮಾತು ಅಷ್ಟೇ, ಮಾತು ನಿಜ ಇರಬಹುದು, ಆದ್ರೆ ಹೊರಗಿನವರು ನೋಡಿ ಒಪ್ಪಿದ್ದು ಅಂತ ಆಗಲ್ಲ.

ಸಸ್ಯಾಹಾರಿಗಳು ಒಂದು ವಿಷ್ಯ ಬೇರೆಯಾಗಿ ಕೇಳ್ಕೋಬೇಕು. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯೋವಾಗ ಬೆಂಡೆ ಗಿಡದ ಲೋಳೆ ಹಾಕಿ ಕಶ್ಮಲ ಮೇಲೆ ತರಿಸಿ ತೆಗೀತಾರಲ್ಲ, ವೈನನ್ನೂ ಹಾಗೆ ತಿಳಿ ಮಾಡೋದುಂಟು. ಬಿಳಿ ವೈನಿಗೆ ಹೆಚ್ಚಾಗಿ ಬೆಂಟೊನೈಟ್ ಅನ್ನೋ ಜೇಡಿಮಣ್ಣು ಹಾಕ್ತಾರೆ, ಆದ್ರೆ ಮೊಟ್ಟೆಯ ಬಿಳಿ, ಮೀನಿನಿಂದ ತೆಗೆದ ಅಂಟು, ಜೆಲಾಟಿನ್ ಇವುಗಳಿಗೂ ಸಾವಯವ ನಿಯಮದಲ್ಲಿ ಅವಕಾಶ ಇದೆ. ಎಲೆ ಚಿತ್ರ ಇದ್ದ ಮಾತ್ರಕ್ಕೆ ಸಸ್ಯಾಹಾರಿ ಅಂತ ಅಲ್ಲ, ಬೇಕಿದ್ರೆ "ವೀಗನ್" ಅಂತ ಬೇರೆ ಗುರುತು ನೋಡಿ.

ಈ ಬರಹ ಮುಗಿಸೋ ಹೊತ್ತಿಗೆ ಅಕ್ಕನ ಮಗನಿಂದ ಇನ್ನೊಂದು ಫೋಟೋ ಬಂತು. ಬಾಟಲಿ ತಂದು ಫ್ರಿಜ್ಜಲ್ಲಿಟ್ಟಿದ್ನಂತೆ, ಈಗ ತಳದಲ್ಲಿ ಗಾಜಿನ ಚೂರಿನ ಹಾಗೆ ಹೊಳೆಯೋ ಹರಳು ಕಂಡು ಗಾಬರಿ ಆಗಿದಾನೆ. ಅದು ಗಾಜಲ್ಲ. ದ್ರಾಕ್ಷಿಯ ಮುಖ್ಯ ಹುಳಿ ಟಾರ್ಟಾರಿಕ್ ಆಮ್ಲ, ನಮ್ಮ ಹುಣಸೆಹಣ್ಣಲ್ಲಿ ಇರೋದೂ ಅದೇ ಹುಳಿ. ತಣ್ಣಗಾದಾಗ ಅದು ಹಣ್ಣಿನಲ್ಲೇ ಇರೋ ಪೊಟ್ಯಾಸಿಯಂ ಜೊತೆ ಸೇರಿ ಹರಳುಗಟ್ಟತ್ತೆ. ದೊಡ್ಡ ಕಾರ್ಖಾನೆಗಳಲ್ಲಿ ಬಾಟಲಿ ತುಂಬೋಕೆ ಮುಂಚೆಯೇ ವೈನನ್ನ ಕೊರೆಯೋ ಹಾಗೆ ತಣ್ಣಗೆ ಮಾಡಿ ಹರಳು ತೆಗೆದುಬಿಡ್ತಾರೆ, ಸಣ್ಣ ಮನೆಗಳಲ್ಲಿ ಎಷ್ಟೋ ಜನ ಹಾಗೇ ಬಿಡ್ತಾರೆ. "ತಿಂದ್ರೂ ಏನೂ ಆಗಲ್ಲ, ಬಗ್ಗಿಸುವಾಗ ಕೊನೇ ಗುಟುಕು ಬಾಟಲಿಯಲ್ಲೇ ಬಿಡು" ಅಂತ ಬರೆದು ಕಳಿಸಿದೆ.